ದಿನವಿಡೀ ನೀರು ಸುರಿದರೆ ಅದೂ ಪಾಠವಾ?

ಈ ತಿಂಗಳ ಪತ್ರಗಳನ್ನು ಓದುತ್ತಾ ನಗು ಬಂತು. ಬರೆದವರು ಬೇರೆ ಬೇರೆ, ತಕರಾರು ಮಾತ್ರ ಹೆಚ್ಚುಕಡಿಮೆ ಒಂದೇ: ಮಗು ಶಿಶುವಿಹಾರಕ್ಕೆ ಹೋಗಿ ಆಡಿಕೊಂಡು ಬರುತ್ತಿದೆ, ಕಲಿಯುವುದು ಯಾವಾಗ? ನಾನು 31 ವರ್ಷ ಮೂರರಿಂದ ಆರು ವರ್ಷದ ಮಕ್ಕಳ ಜೊತೆ ನೆಲದ ಮೇಲೆ ಕೂತವಳು. ಅದಕ್ಕೆ ಸಾಕ್ಷಿಯಾಗಿ ಎರಡು ಮಂಡಿಗಳೂ ನೋಯುತ್ತವೆ. ಹಾಗಾಗಿ ಉತ್ತರ ಕೆಲವು ಕಡೆ ಉದ್ದವಾಗಿದೆ, ಕೆಲವು ಕಡೆ ಸಿಡುಕೂ ಇದೆ. ಸಹಿಸಿಕೊಳ್ಳಿ.

ಪ್ರಶ್ನೆ: ನನ್ನ ಮಗನಿಗೆ ನಾಲ್ಕು ವರ್ಷ. ಅವನ ಶಿಶುವಿಹಾರದಲ್ಲಿ ಬರೆಸುವುದೇ ಇಲ್ಲ. ಜಗ್‌ನಿಂದ ಲೋಟಕ್ಕೆ ನೀರು ಸುರಿಯುವುದು, ಮರದ ತುಂಡು ಜೋಡಿಸುವುದು, ಮಣಿ ಪೋಣಿಸುವುದು, ಇಷ್ಟೇ. ಮನೆಗೆ ಬಂದರೂ ಬಚ್ಚಲಲ್ಲಿ ಅದೇ ಕೆಲಸ. ಪಕ್ಕದ ಮನೆಯ ಹುಡುಗಿಗೂ ಇದೇ ವಯಸ್ಸು, ಅವಳು 1ರಿಂದ 100 ಬರೆಯುತ್ತಾಳೆ. ಫೀಸು ಕಟ್ಟಿ ನೀರಾಟ ಆಡಿಸುತ್ತಿದ್ದೇವಾ ಟೀಚರ್?
— ಒಬ್ಬ ತಾಯಿ

ಉತ್ತರ: ಮೊದಲು ಒಂದು ಕೆಲಸ ಮಾಡಿ. ಹತ್ತು ಚಮಚ ನೆಲದ ಮೇಲೆ ಹರಡಿ. ಮಗನನ್ನು ಕರೆದು "ಐದು ಕೊಡಪ್ಪ" ಎನ್ನಿ. ಆಮೇಲೆ ಪಕ್ಕದ ಮನೆಯ ಹುಡುಗಿಗೂ ಹೀಗೇ ಕೇಳಿ. ಅವರಮ್ಮನ ಎದುರಿಗೆ ಬೇಡ, ಸುಮ್ನೆ ಮನಸ್ತಾಪ.

20ರವರೆಗೆ ಪಟಪಟ ಹೇಳುವ ಎಷ್ಟೋ ಮಕ್ಕಳು "ಐದು ಕೊಡು" ಅಂದರೆ ಒಂದು ಹಿಡಿ ಬಾಚಿ ಕೊಟ್ಟುಬಿಡುತ್ತವೆ. ಆ ಮಕ್ಕಳಿಗೆ ಬುದ್ಧಿ ಕಮ್ಮಿ ಅಂತಲ್ಲ. ಎಣಿಕೆಯಲ್ಲಿ ಮೂರು ಸಂಗತಿ ಕೂಡಿಕೊಂಡಿವೆ. ಹೆಸರುಗಳ ಸಾಲು ಬಾಯಿಗೆ ಬರಬೇಕು. ಒಂದು ವಸ್ತುವಿಗೆ ಒಂದೇ ಹೆಸರು ಬೀಳಬೇಕು. ಕೊನೆಗೆ ಹೇಳಿದ ಹೆಸರೇ "ಎಷ್ಟು" ಎಂಬುದಕ್ಕೆ ಉತ್ತರ ಅಂತ ಹೊಳೆಯಬೇಕು. ಮೂರನೆಯದು ಬರುವುದು ತಡ. ಮಗು ನಾಲ್ಕು ಚಮಚ ಎಣಿಸಿದ ಮೇಲೆ "ಎಷ್ಟಿವೆ?" ಎಂದು ಕೇಳಿ ನೋಡಿ. ಕೆಲವು ಮಕ್ಕಳು "ನಾಲ್ಕು" ಅನ್ನುವುದಿಲ್ಲ. ಮತ್ತೆ "ಒಂದು, ಎರಡು..." ಅಂತ ಶುರು ಮಾಡುತ್ತವೆ. ಇನ್ನೊಮ್ಮೆ ಕೇಳಿದರೆ ಇನ್ನೊಮ್ಮೆ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ! 100ರವರೆಗೆ ಬರೆದ ಕೈ ಈ ಮೂರನೆಯದನ್ನು ದಾಟಿದೆ ಅಂತ ಹೇಳಲು ಬರುವುದಿಲ್ಲ. ದಾಟಿರಲೂಬಹುದು. ಪುಸ್ತಕ ನೋಡಿದರೆ ಗೊತ್ತಾಗುವುದಿಲ್ಲ, ಚಮಚ ಕೊಟ್ಟರೆ ಗೊತ್ತಾಗುತ್ತದೆ.

ಇನ್ನು ನೀರು. ನಿಮ್ಮ ಮಗ ಸುರಿಯುವುದನ್ನು ಐದು ನಿಮಿಷ ಮಾತಾಡದೆ ನೋಡಿದ್ದೀರಾ? ಹೊಸದರಲ್ಲಿ ಮಕ್ಕಳು ಜಗ್ಗನ್ನು ಪೂರ್ತಿ ಬಗ್ಗಿಸಿಬಿಡುತ್ತವೆ. ನೀರೆಲ್ಲ ನೆಲಕ್ಕೆ. ಕೆಲವು ದಿನಕ್ಕೆ ಮಣಿಕಟ್ಟು ನಿಧಾನವಾಗುತ್ತದೆ. ಎಡಗೈ ತಾನಾಗಿ ಬಂದು ಲೋಟ ಹಿಡಿಯುತ್ತದೆ. ಕಣ್ಣು ಜಗ್ಗಿನ ಮೂತಿ ಬಿಟ್ಟು ಲೋಟದ ಅಂಚಿಗೆ ಹೋಗುತ್ತದೆ. ಆಮೇಲೊಂದು ದಿನ ಲೋಟ ತುಂಬುವ ಸ್ವಲ್ಪ ಮುಂಚೆಯೇ ಜಗ್ಗು ಮೇಲೇಳುತ್ತದೆ. ಇನ್ನೂ ಬೀಳದ ನೀರನ್ನು ಮಗು ಲೆಕ್ಕ ಹಾಕಿತು, ಅಲ್ವಾ? ನಾನು ಇದನ್ನು ನೂರಾರು ಸಲ ನೋಡಿದ್ದೇನೆ, ಇನ್ನೂ ಬೇಜಾರಾಗಿಲ್ಲ.

ಇದರ ಜೊತೆಗೇ ಇನ್ನೊಂದು ಸಂಗತಿ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ (1896–1980) ಮಕ್ಕಳ ಯೋಚನೆಯನ್ನೇ ಜೀವನಪೂರ್ತಿ ಬೆನ್ನುಹತ್ತಿದ ಮನುಷ್ಯ. ಅವರ ಒಂದು ಪರೀಕ್ಷೆ ಮನೆಯಲ್ಲೇ ಮಾಡಬಹುದು. ಒಂದೇ ಥರದ ಎರಡು ಲೋಟಗಳಲ್ಲಿ ಸಮ ನೀರು ತುಂಬಿ. ಎರಡೂ ಸಮ ಎಂದು ಮಗು ಒಪ್ಪಲಿ. ಈಗ ಒಂದು ಲೋಟದ ನೀರನ್ನು ಮಗುವಿನ ಎದುರಿಗೇ ಎತ್ತರದ, ಸಪೂರ ಲೋಟಕ್ಕೆ ಸುರಿಯಿರಿ. ಯಾವುದರಲ್ಲಿ ಜಾಸ್ತಿ? ನಾಲ್ಕೈದು ವರ್ಷದ ಬಹಳಷ್ಟು ಮಕ್ಕಳು ಎತ್ತರದ್ದನ್ನೇ ತೋರಿಸುತ್ತವೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಒಬ್ಬ ಹುಡುಗನಿಗೆ ಇದನ್ನು ವಿವರಿಸಿದ್ದೇ ವಿವರಿಸಿದ್ದು. ಅವನು ಪಾಪ, ನನ್ನ ಮುಖ ನೋಡಿ "ಹೂಂ ಟೀಚರ್, ಸಮ" ಅಂದ. ಒಂದು ಕ್ಷಣ ಬಿಟ್ಟು ಮೆಲ್ಲಗೆ, "ಆದರೆ ಇದರಲ್ಲಿ ಜಾಸ್ತಿ" ಅಂದ. ಸಾಮಾನ್ಯವಾಗಿ ಆರೇಳು ವರ್ಷದ ಹೊತ್ತಿಗೆ ಮಗುವೇ "ಅದೇ ನೀರಲ್ವಾ, ಎಲ್ಲಿಂದ ಜಾಸ್ತಿ ಆಗತ್ತೆ?" ಎಂದು ನಮ್ಮನ್ನು ನೋಡಿ ನಗುತ್ತದೆ. ನೀರು ಸುರಿದ ಮಾತ್ರಕ್ಕೆ ಇದು ಬೇಗ ಬಂದುಬಿಡುತ್ತದೆ ಎಂದು ನಾನು ಹೇಳಲಾರೆ. ಆದರೆ ಮಾತಿನಿಂದ ಬರದ್ದು ಅಂತ ಆಣೆ ಮಾಡಿ ಹೇಳಬಲ್ಲೆ.

ಮನೆಯಲ್ಲಿ ಎತ್ತರದ್ದೊಂದು, ಅಗಲದ್ದೊಂದು ಪಾತ್ರೆ ಕೊಡಿ. ಒರೆಸುವ ಬಟ್ಟೆಯನ್ನೂ ಕೊಡಿ. ಚೆಲ್ಲಿದ್ದನ್ನು ಒರೆಸಿ ಹಿಂಡುವುದು ಅರ್ಧ ಪಾಠ. ನಡುವೆ "ತುಂಬ್ತು", "ಅರ್ಧ ಇದೆ", "ಇನ್ನೊಂಚೂರು" ಅಂತ ಮಾತು ಹಾಕಿ, ಪರೀಕ್ಷೆ ಮಾಡಬೇಡಿ. ಫೀಸಿನ ವಿಷಯಕ್ಕೆ ಬಂದರೆ, ಶಿಶುವಿಹಾರದ ಟೀಚರನ್ನು ಒಂದೇ ಮಾತು ಕೇಳಿ: "ಈ ತಿಂಗಳು ನನ್ನ ಮಗ ಸುರಿಯುವ ರೀತಿಯಲ್ಲಿ ಏನು ಬದಲಾಯಿತು?" ಅವರು ಥಟ್ಟನೆ ಏನಾದರೂ ಹೇಳಿದರೆ ನಿಮ್ಮ ದುಡ್ಡು ಸರಿಯಾದ ಕಡೆ ಹೋಗುತ್ತಿದೆ. ಕಕ್ಕಾಬಿಕ್ಕಿಯಾದರೆ, ಹೌದು, ಅದು ಬರೀ ನೀರಾಟವೇ.

ಪ್ರಶ್ನೆ: ಮೊಮ್ಮಗನಿಗೆ ನಾಲ್ಕೂವರೆ ವರ್ಷ. ಪೆನ್ಸಿಲನ್ನು ಸೌಟು ಹಿಡಿದ ಹಾಗೆ ಹಿಡಿಯುತ್ತಾನೆ. ನಾನು ದಿನಾ ಒಂದು ಗಂಟೆ ಕೂರಿಸಿ ಅಕ್ಷರ ತಿದ್ದಿಸುತ್ತೇನೆ, ಅಳುತ್ತಾನೆ. ಎಡಗೈಗೆ ಪೆನ್ಸಿಲ್ ಹೋಗುತ್ತದೆ, ಅದನ್ನೂ ಬಿಡಿಸುತ್ತಿದ್ದೇನೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?
— ಒಬ್ಬ ತಾತ

ಉತ್ತರ: ಹಿರಿಯರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಈ ಗಿಡಕ್ಕೆ ಬಗ್ಗುವ ಕೊಂಬೆಯೇ ಇನ್ನೂ ಪೂರ್ತಿ ಬಂದಿಲ್ಲ. ಗಾದೆಯನ್ನು ಸುಮ್ನೆ ತಿರುಗಿಸುತ್ತಿಲ್ಲ, ನಿಜವಾಗಿ ಹೇಳುತ್ತಿದ್ದೇನೆ. ನಿಮ್ಮ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹುಟ್ಟಿದ ಮಗುವಿನಲ್ಲಿ ಅವು ಇನ್ನೂ ಮೂಳೆಯಾಗಿರುವುದಿಲ್ಲ, ಮೂಗಿನ ತುದಿಯಲ್ಲಿ ಕೈಗೆ ಸಿಗುತ್ತದಲ್ಲ, ಅಂಥ ಮೆತ್ತನೆಯ ಪದಾರ್ಥ. ಒಂದೊಂದಾಗಿ ಗಟ್ಟಿಯಾಗುತ್ತಾ ಬಂದು, ಕೊನೆಯದು ಮೂಳೆಯಾಗಲು ಶುರುವಾಗುವುದು ಒಂಬತ್ತರಿಂದ ಹನ್ನೆರಡು ವರ್ಷದ ಆಸುಪಾಸಿನಲ್ಲಿ. ನಾಲ್ಕೂವರೆಯ ಕೈ ಅರ್ಧ ಕಟ್ಟಿದ ಮನೆ.

ಹಿಡಿತಕ್ಕೂ ಒಂದು ಸರದಿ ಇದೆ. ಮೊದಲು ಮುಷ್ಟಿ. ಆಮೇಲೆ ಬೆರಳೆಲ್ಲ ಕೆಳಮುಖ ಮಾಡಿದ ಹಿಡಿತ. ಆಮೇಲೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಸೇರಿ ಹಿಡಿಯುವುದು. ಈ ಮೂರು ಬೆರಳಿನ ಹಿಡಿತ ಬಹುಪಾಲು ಮಕ್ಕಳಿಗೆ ನಾಲ್ಕರಿಂದ ಆರರ ನಡುವೆ ಕೂಡಿಬರುತ್ತದೆ. ನಿಮ್ಮ ಮೊಮ್ಮಗ ದಾರಿಯ ಮಧ್ಯದಲ್ಲಿದ್ದಾನೆ.

ಒಂದು ಗಂಟೆಯ ತಿದ್ದಿಸುವುದನ್ನು ಇವತ್ತೇ ನಿಲ್ಲಿಸಿ. ಬದಲಿಗೆ ಕ್ರೇಯಾನ್ ಮುರಿಯಿರಿ. ಹೌದು, ಮುರಿಯಿರಿ. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ಉದ್ದದ ತುಂಡು ಸಾಕು. ಉದ್ದದ್ದನ್ನು ಮುಷ್ಟಿಯಲ್ಲಿ ಹಿಡಿಯಬಹುದು, ಚೂರನ್ನು ಬೆರಳ ತುದಿಯಲ್ಲೇ ಹಿಡಿಯಬೇಕು. ನೀವು ಬಾಯಿ ಬಿಡುವುದೇ ಬೇಡ, ತುಂಡೇ ಕಲಿಸುತ್ತದೆ. ಕಾಗದವನ್ನು ಅವನ ಕಣ್ಣಿನ ಮಟ್ಟಕ್ಕೆ ಗೋಡೆಗೆ ಅಂಟಿಸಿ. ನಿಂತು ಗೀಚುವಾಗ ಭುಜ ಕೆಲಸ ಮಾಡುತ್ತದೆ, ಮಣಿಕಟ್ಟು ಹಿಂದಕ್ಕೆ ಮಡಚುತ್ತದೆ. ಬರೆಯಲು ಬೇಕಾದದ್ದು ಅದೇ. ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ ತೆಗೆಯಲಿ. ಹಳೆ ಪೇಪರ್ ಹರಿಯಲಿ. ಜೇಡಿಮಣ್ಣು ಹೊಸೆಯಲಿ.

ಮರಿಯಾ ಮಾಂಟೆಸ್ಸರಿ 1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಮಕ್ಕಳ ಮನೆ ತೆರೆದರು. ಅವರ ಸಾಮಾನುಗಳಲ್ಲಿ ಮರದ ದಿಮ್ಮಿಯ ಕುಳಿಗಳಲ್ಲಿ ಕೂರುವ ಹತ್ತು ಸಿಲಿಂಡರ್‌ಗಳಿವೆ, ಪ್ರತಿಯೊಂದಕ್ಕೂ ತಲೆಯ ಮೇಲೆ ಸಣ್ಣ ಗುಬುಟು. ಮಗು ನೋಡುವುದು ದಪ್ಪ, ಸಣ್ಣ. ಆದರೆ ಆ ಗುಬುಟನ್ನು ಹಿಡಿಯುವ ಮೂರು ಬೆರಳು ಇವೆಯಲ್ಲ, ಅವೇ ನಾಳೆ ಪೆನ್ಸಿಲ್ ಹಿಡಿಯುವುದು. ಉಪ್ಪುಕಾಗದದಲ್ಲಿ ಕತ್ತರಿಸಿ ಹಲಗೆಗೆ ಅಂಟಿಸಿದ ಅಕ್ಷರಗಳೂ ಅವರವೇ. ಎರಡು ಬೆರಳಿನಿಂದ ಸವರಿ ಸವರಿ ಅಕ್ಷರದ ದಾರಿ ಕೈಗೆ ಗೊತ್ತಾಗುತ್ತದೆ. ನಮ್ಮ ಕನ್ನಡದ ಅಕ್ಷರಗಳೋ ದುಂಡು ದುಂಡು, ಕೈ ತಿರುಗದೆ ಬರುವುದಿಲ್ಲ. ತಟ್ಟೆಯಲ್ಲಿ ಮರಳು ಹರಡಿ ಬೆರಳಲ್ಲಿ ‘ರ’, ‘ಠ’ ಬರೆಯಲಿ. ತಪ್ಪಾದರೆ ತಟ್ಟೆ ಅಲ್ಲಾಡಿಸಿದರೆ ಮುಗಿಯಿತು, ರಬ್ಬರ್ ಬೇಡ, ಅಳುವೂ ಬೇಡ.

ಎಡಗೈ ಬಿಡಿಸಬೇಡಿ. ಅದು ಅವನ ಕೈ. ಒಂದು ಕೈಯನ್ನು ಮುಟ್ಟುವುದಕ್ಕೂ ಬಳಸುವುದಿಲ್ಲ, ಅಥವಾ ಮೊದಲು ಬರುತ್ತಿದ್ದ ಕೈಕೆಲಸ ಈಗ ಬರುತ್ತಿಲ್ಲ ಅಂದರೆ ಮಾತ್ರ ಮಕ್ಕಳ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಟ್ಯಾಬ್‌ನಲ್ಲಿ ಬ್ಲಾಕ್ ಜೋಡಿಸುವ ಆ್ಯಪ್ ಇದೆ. ಮೂರು ವರ್ಷದ ಮಗಳು ಚೆನ್ನಾಗಿ ಆಡುತ್ತಾಳೆ, ಮನೆಯೂ ಗಲೀಜಾಗುವುದಿಲ್ಲ. ಅದು ಸಾಲದೇ?

ಉತ್ತರ: ಸಾಲದು. ಗಾಜಿನ ಮೇಲೆ ಕಬ್ಬಿಣವೂ ಹತ್ತಿಯೂ ಒಂದೇ ತೂಕ, ಒಂದೇ ನುಣುಪು. ನಿಜವಾದ ಬ್ಲಾಕ್ ಕಾಲಿನ ಮೇಲೆ ಬಿದ್ದರೆ ನೋಯುತ್ತದೆ, ಅದೂ ಒಂದು ತಿಳಿವಳಿಕೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಮೂರು, ನಾಲ್ಕು ವರ್ಷದವರಿಗೆ ಕೂತು ನೋಡುವ ಪರದೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಮ್ಮಿಯಾದಷ್ಟೂ ಒಳ್ಳೆಯದು. ಗಲೀಜಿನ ಬಗ್ಗೆ: ಒಂದು ಚಾಪೆ ಹಾಸಿ, ಬ್ಲಾಕ್ ಚಾಪೆ ಬಿಟ್ಟು ಹೊರಗೆ ಬರಬಾರದು ಎನ್ನಿ. ಕೇಳುತ್ತವೆ. ದೊಡ್ಡವರಿಗಿಂತ ಚೆನ್ನಾಗಿ ಕೇಳುತ್ತವೆ.

ಪ್ರಶ್ನೆ: ನಾನು ಹೊಸ ಟೀಚರ್. ತರಗತಿಯಲ್ಲಿ 28 ಮಕ್ಕಳು. ಮಾಡಿ ಕಲಿಯಲಿ ಅಂತ ಪ್ರಾಣಿಗಳ ಆಕಾರದ ಬಣ್ಣಬಣ್ಣದ ಎಣಿಕೆ ಗೊಂಬೆ ತರಿಸಿದೆ. ಮಕ್ಕಳು ಎಣಿಸುವುದು ಬಿಟ್ಟು ಬೇರೆಲ್ಲ ಮಾಡುತ್ತವೆ. ಎಲ್ಲಿ ತಪ್ಪಿದೆ ಮೇಡಂ?

ಉತ್ತರ: ನನ್ನದೇ ಕಥೆ ಬರೆದಿದ್ದೀರಿ. ಕೆಲಸಕ್ಕೆ ಸೇರಿದ ಎರಡನೇ ವರ್ಷ ನಾನೂ ಕರಡಿ ಗೊಂಬೆ ತರಿಸಿದ್ದೆ. ಆರು ಬಣ್ಣ, ಮೂರು ಅಳತೆ. ನನ್ನ ಲೆಕ್ಕದಲ್ಲಿ ಅವು ಕಳೆಯುವ ಲೆಕ್ಕಕ್ಕೆ. ಮಕ್ಕಳ ಲೆಕ್ಕದಲ್ಲಿ ಅಪ್ಪ, ಅಮ್ಮ, ಪಾಪು. "ಐದು ಕರಡಿ ಇವೆ, ಎರಡು ತೆಗೆದರೆ?" ಅಂತ ನಾನು ಕೈ ಹಾಕಿದ್ದೇ ತಡ, ಒಬ್ಬಳು ಹೋ ಎಂದು ಅಳಲು ಶುರು ಮಾಡಿದಳು: "ಅಮ್ಮ ಕರಡಿನ ತೆಗೀಬೇಡಿ!" ಅವತ್ತಿನ ಲೆಕ್ಕ ಅಲ್ಲಿಗೆ ಮುಗಿಯಿತು.

ಅವಳು ಸರಿ, ತಪ್ಪಿದ್ದು ನಾನು. ಯಾಕೆ ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಅಮೆರಿಕದ ಮನಶ್ಶಾಸ್ತ್ರಜ್ಞೆ ಜೂಡಿ ಡಿಲೋಶ್ ಅವರ ಪ್ರಯೋಗಗಳ ಬಗ್ಗೆ ಓದಿದಾಗ. 1987ರಲ್ಲಿ ಪ್ರಕಟವಾದದ್ದು ಹೀಗಿದೆ. ಒಂದು ಕೋಣೆ, ಅದರದೇ ಪುಟ್ಟ ಮಾದರಿ. ಮಾದರಿಯಲ್ಲಿ ಪುಟ್ಟ ಗೊಂಬೆಯನ್ನು ಮಗುವಿನ ಎದುರಿಗೆ ಬಚ್ಚಿಡುತ್ತಾರೆ. ದೊಡ್ಡ ಗೊಂಬೆ ದೊಡ್ಡ ಕೋಣೆಯಲ್ಲಿ ಅದೇ ಜಾಗದಲ್ಲಿದೆ ಎನ್ನುತ್ತಾರೆ. ಮೂರು ವರ್ಷದ ಮಕ್ಕಳು ಬಹುಪಾಲು ಸೀದಾ ಹೋಗಿ ಹುಡುಕಿದವು. ಎರಡೂವರೆಯವು ತಡಕಾಡಿದವು. ಮರೆತು ಅಲ್ಲ! ಪುಟ್ಟ ಗೊಂಬೆ ಎಲ್ಲಿದೆ ಅಂದರೆ ತಕ್ಷಣ ತೆಗೆದುಕೊಟ್ಟವು. ಈ ಮಾದರಿ ಆ ದೊಡ್ಡ ಕೋಣೆಯ ಗುರುತು ಎಂಬುದು ಮಾತ್ರ ಹೊಳೆಯಲಿಲ್ಲ. ಮುಂದೆ 1997ರ ಪ್ರಯೋಗದಲ್ಲಿ, ಯಂತ್ರವೊಂದು ದೊಡ್ಡ ಕೋಣೆಯನ್ನೇ ಕುಗ್ಗಿಸಿಬಿಟ್ಟಿತು ಎಂದು ನಂಬಿಸಿದಾಗ ಎರಡೂವರೆಯ ಮಕ್ಕಳೂ ಗೆದ್ದವು. ಈಗ ಅದು ಗುರುತಲ್ಲ, ಅದೇ ಕೋಣೆ. ಇನ್ನೂ ಒಂದು ವಿಚಿತ್ರ: ಮೊದಲು ಮಾದರಿಯ ಜೊತೆ ಆಡಲು ಬಿಟ್ಟರೆ ಮೂರು ವರ್ಷದವು ಹಿಂದೆ ಬಿದ್ದವು. ವಸ್ತುವಾಗಿ ಅದು ಮನಸ್ಸಿಗೆ ಹತ್ತಿರವಾದಷ್ಟೂ ಗುರುತಾಗಿ ಕಾಣುವುದು ಕಷ್ಟವಾಯಿತು.

ನಿಮ್ಮ ಗೊಂಬೆಗಳ ಕಥೆಯೂ ಇದೇ. ‘ಮೂರು’ ಎಂಬ ಎಣಿಕೆಯನ್ನು ತೋರಿಸಬೇಕಾದ ವಸ್ತು ಸ್ವಲ್ಪ ನೀರಸವಾಗಿರಬೇಕು. ಹಳಬರಿಗೆ ಇದು ಗೊತ್ತಿತ್ತು. 1840ರಲ್ಲಿ ಕಿಂಡರ್‌ಗಾರ್ಟನ್ ಎಂಬ ಹೆಸರಿಟ್ಟ ಜರ್ಮನಿಯ ಫ್ರೀಡ್ರಿಶ್ ಫ್ರೋಬೆಲ್ ಮಕ್ಕಳಿಗೆ ಕೊಟ್ಟದ್ದು ಏನು? ಎಂಟು ಪುಟ್ಟ ಘನಗಳಾಗಿ ಬಿಡಿಸಬಹುದಾದ ಒಂದು ಮರದ ಘನ. ಕಣ್ಣಿಲ್ಲ, ಬಾಲವಿಲ್ಲ. ಮಾಂಟೆಸ್ಸರಿಯ ಗುಲಾಬಿ ಗೋಪುರದಲ್ಲಿ ಹತ್ತು ಘನ, 1 ಸೆಂಟಿಮೀಟರಿನಿಂದ 10 ಸೆಂಟಿಮೀಟರಿನವರೆಗೆ. ಎಲ್ಲದಕ್ಕೂ ಒಂದೇ ಬಣ್ಣ. ಬೇರೆಯಾಗಿರುವುದು ಅಳತೆ ಮಾತ್ರ, ಹಾಗಾಗಿ ಕಣ್ಣು ಬೇರೆಲ್ಲೂ ಹೋಗುವುದಿಲ್ಲ. ಅವರ ಚಿನ್ನದ ಬಣ್ಣದ ಮಣಿಗಳೂ ಹಾಗೇ: ಬಿಡಿ ಮಣಿ ಒಂದು, ಹತ್ತು ಮಣಿಯ ಕಡ್ಡಿ, ನೂರರ ಚೌಕ, ಸಾವಿರದ ಘನ. ಸಾವಿರ ಅಂದರೆ ಎಷ್ಟು ಭಾರ ಅಂತ ಮಗು ಎರಡು ಕೈಯಲ್ಲಿ ಎತ್ತಿ ನೋಡುತ್ತದೆ.

ಹಾಗಂತ ನಿಮ್ಮ ಗೊಂಬೆ ಎಸೆಯಬೇಡಿ. ಅವನ್ನು ಕಥೆಯ ಮೂಲೆಗೆ ಕೊಡಿ. ಎಣಿಕೆಗೆ ಒಂದೇ ಥರದ ಕಲ್ಲು, ಮುಚ್ಚಳ, ಕಡ್ಡಿ ಸಾಕು. ಇಂಥ ನೀರಸ ಸಾಮಾನು ಹೊಸದಾಗಿ ಬಂದರೆ ಕೆಲವು ದಿನ ಸುಮ್ಮನೆ ಆಡಲು ಬಿಡಿ, ಅದರ ಹೊಸತನ ಕಳೆಯಲಿ. 28 ಮಕ್ಕಳಿಗೆ ಒಟ್ಟಿಗೆ ಮಾಡಿಸಲು ಹೋಗಬೇಡಿ. ಐದಾರು ಜನರನ್ನು ಹತ್ತಿರ ಕೂರಿಸಿ, ಉಳಿದವರು ಮರಳು, ಬ್ಲಾಕ್, ಚಿತ್ರದ ಕಡೆ ಇರಲಿ. ತೋರಿಸುವಾಗ ಕೈ ಆಡಿಸಿ ಅಥವಾ ಬಾಯಿ ಆಡಿಸಿ, ಎರಡೂ ಒಟ್ಟಿಗೆ ಬೇಡ.

ಮತ್ತೆ, ಕೈಯಲ್ಲೇ ನಿಲ್ಲಬೇಡಿ. ಜೆರೋಮ್ ಬ್ರೂನರ್ ಎಂಬ ಇನ್ನೊಬ್ಬ ಅಮೆರಿಕನ್ ಮನಶ್ಶಾಸ್ತ್ರಜ್ಞ ಮೂರು ಮೆಟ್ಟಿಲು ಹೇಳಿದ್ದರು: ಮಾಡುವುದು, ಚಿತ್ರ, ಚಿಹ್ನೆ. ಮೂರು ಕಲ್ಲು ಇಟ್ಟ ಮಗು ಮೂರು ಸೊನ್ನೆ ಬರೆಯಲಿ. ಪಕ್ಕದಲ್ಲಿ ನೀವು 3 ಎಂದು ಬರೆಯಿರಿ. ಕಲ್ಲು, ಸೊನ್ನೆ, ಅಂಕಿ ಮೂರೂ ಕೆಲವು ದಿನ ಒಟ್ಟಿಗೆ ಕಣ್ಣ ಮುಂದೆ ಇರಲಿ. ಆಮೇಲೆ ಕಲ್ಲು ಮೆಲ್ಲಗೆ ಡಬ್ಬಿಗೆ ಹೋಗಲಿ. ನಮ್ಮವರು ಇಲ್ಲೇ ಎಡವುವುದು. ಒಂದೋ ಕಲ್ಲಿಲ್ಲದೆ ಅಂಕಿ, ಇಲ್ಲವೇ ವರ್ಷವಿಡೀ ಕಲ್ಲು.

ಪ್ರಶ್ನೆ: ದೊಡ್ಡವಳಿಗೆ ಐದು, ಚಿಕ್ಕವನಿಗೆ ಒಂದೂವರೆ. ಮಣಿ, ನೀರು ಎಂದರೆ ಭಯ. ಏನು ಎಚ್ಚರ ಬೇಕು?

ಉತ್ತರ: ಭಯ ನ್ಯಾಯವೇ. ಮೂರು ವರ್ಷದೊಳಗಿನವರ ಆಟಿಕೆಗೆ ಒಂದು ಪರೀಕ್ಷೆ ಇದೆ: ಸುಮಾರು 3.17 ಸೆಂಟಿಮೀಟರ್ ಅಗಲದ ಕೊಳವೆಯೊಳಗೆ ಪೂರ್ತಿ ಇಳಿಯುವ ವಸ್ತು ಕೊಡುವಂತಿಲ್ಲ. ಮನೆಯಲ್ಲಿ ಟಾಯ್ಲೆಟ್ ಪೇಪರ್ ಸುರುಳಿಯ ಒಳಗಿನ ರಟ್ಟಿನ ಕೊಳವೆ ಇಟ್ಟುಕೊಳ್ಳಿ, ಅದು ಇನ್ನೂ ಸ್ವಲ್ಪ ಅಗಲ. ಅದರೊಳಗೆ ತೂರುವುದೆಲ್ಲ ಚಿಕ್ಕವನ ಕೈಗೆ ಸಿಗಬಾರದು. ದೊಡ್ಡವಳ ಮಣಿ ಕೆಲಸ ಮೇಜಿನ ಮೇಲೆ, ಅವನು ಮಲಗಿದಾಗ. ನೀರಿನಲ್ಲಿ ಊದಿಕೊಳ್ಳುವ ಜೆಲ್ ಮಣಿ ಮತ್ತು ಬಿಡಿ ಅಯಸ್ಕಾಂತದ ಗುಂಡು ಮನೆಗೇ ಬೇಡ. ಬಟನ್ ಬ್ಯಾಟರಿ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ಅನುಮಾನ ಬಂದರೂ ಸಾಕು, ಆಸ್ಪತ್ರೆಗೆ ಓಡಿ. ಮಗು ಮುಳುಗಲು ಐದು ಸೆಂಟಿಮೀಟರ್ ನೀರು ಸಾಕು. ಆಟ ಮುಗಿದ ಕೂಡಲೇ ಬಕೆಟ್ ಬೋರಲು ಹಾಕಿ. ಫೋನ್ ಬಂದರೂ ಎದ್ದು ಹೋಗಬೇಡಿ.

ಪ್ರಶ್ನೆ: ಮಗಳು ಮಣ್ಣು, ಬಣ್ಣ ಮುಟ್ಟುವುದಿಲ್ಲ. ಟೀಚರ್ ಬಲವಂತವಾಗಿ ಕೈ ಅದ್ದಿಸಿದರಂತೆ. ಅಂದಿನಿಂದ ಶಾಲೆಗೇ ಹೋಗೊಲ್ಲ ಅನ್ನುತ್ತಾಳೆ.

ಉತ್ತರ: ಬಲವಂತ ತಪ್ಪು. ಆ ಟೀಚರಿಗೆ ಸಮಾಧಾನದಿಂದ, ಆದರೆ ಖಡಾಖಂಡಿತವಾಗಿ ಹೇಳಿ. ಅವಳಿಗೆ ಮೊದಲು ಬ್ರಷ್ಷು ಕೊಡಿ, ಕಡ್ಡಿ ಕೊಡಿ. ಬಣ್ಣವನ್ನು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಬಿಗಿಯಾಗಿ ಮುಚ್ಚಿ, ಮೇಲಿಂದ ಒತ್ತಲಿ. ಪಕ್ಕದಲ್ಲಿ ಒದ್ದೆ ಬಟ್ಟೆ ಇಡಿ. ಬೇಕೆಂದಾಗ ಒರೆಸಿಕೊಳ್ಳಬಹುದು ಎಂದು ಗೊತ್ತಾದರೆ ಅರ್ಧ ಹೆದರಿಕೆ ಹೋಗುತ್ತದೆ. ನನ್ನ ತರಗತಿಯಲ್ಲಿ ಒಬ್ಬ ನಾಲ್ಕು ತಿಂಗಳು ಬರೀ ನೋಡುತ್ತಾ ಕೂತಿದ್ದ. ಐದನೇ ತಿಂಗಳು ಕಿರುಬೆರಳ ತುದಿ ಅದ್ದಿದ. ನಾನು ಕಿಟಕಿ ಕಡೆ ನೋಡುತ್ತಾ ನಿಂತೆ, ಕಂಡೇ ಇಲ್ಲ ಅನ್ನುವ ಹಾಗೆ. ಬಟ್ಟೆಯ ಲೇಬಲ್, ಕೂದಲು ಬಾಚುವುದು, ಸದ್ದು ಎಲ್ಲಕ್ಕೂ ಹೀಗೇ ಚಡಪಡಿಸುತ್ತಾಳೆ ಅಂದರೆ ಮಕ್ಕಳ ಡಾಕ್ಟರ ಹತ್ತಿರ ಒಮ್ಮೆ ಮಾತಾಡಿ.

ಪ್ರಶ್ನೆ: ಮಗ ತರುವ ಕರಕುಶಲ ಕೆಲಸ ತುಂಬಾ ಅಚ್ಚುಕಟ್ಟು. ಆದರೆ ತರಗತಿಯ ಎಲ್ಲರದ್ದೂ ಒಂದೇ ಥರ. ಇದು ಮಾಡಿ ಕಲಿಯುವುದೇ?

ಉತ್ತರ: ಮಾಡಿದವರು ಕಲಿತಿರುತ್ತಾರೆ. ಮಾಡಿದವರು ಟೀಚರ್.

ನಾನೂ ಮಾಡಿದ್ದೇನೆ, ಮುಚ್ಚಿಡುವುದು ಯಾಕೆ. ವಾರ್ಷಿಕ ಪ್ರದರ್ಶನದ ಹಿಂದಿನ ಸಂಜೆ ಕೂತು ಮಕ್ಕಳು ಅಂಟಿಸಿದ ಚಿಟ್ಟೆಗಳ ರೆಕ್ಕೆ ಎಲ್ಲ ಕಿತ್ತೆಸೆದು ಬೇರೆ ರೆಕ್ಕೆ ಸರಿಯಾಗಿ ಅಂಟಿಸಿದೆ. ಮರುದಿನ ಐದು ವರ್ಷದ ಒಬ್ಬ ಅಪ್ಪನ ಕೈ ಹಿಡಿದು ಬಂದ. ಗೋಡೆಯ ಮೇಲೆ ಹುಡುಕಿದ. ಹೆಸರಿನ ಚೀಟಿ ತೋರಿಸಿದೆ. ಚಿಟ್ಟೆಯನ್ನೊಮ್ಮೆ ನೋಡಿ, "ಇದು ನನ್ನದಲ್ಲ" ಅಂದ. ಅವನದ್ದಕ್ಕೆ ಎರಡು ರೆಕ್ಕೆಯೂ ಒಂದೇ ಕಡೆ ಇತ್ತು. ಅದು ನನ್ನ ಕಸದ ಬುಟ್ಟಿಯಲ್ಲಿತ್ತು.

ಪ್ರಶ್ನೆ: ನನ್ನ ಮೂರೂವರೆ ವರ್ಷದ ಮಗಳು ಬರೆಸುತ್ತಿದ್ದಾಳೆ: "ನಾನು ಕಟ್ಟಿದ್ದು ಯಾಕೆ ಬಿದ್ದುಹೋಗತ್ತೆ?"
— ಬರೆದುಕೊಂಡವರು, ಅವಳಪ್ಪ

ಉತ್ತರ: ಅಪ್ಪನಿಗೆ ಮೊದಲು: 1933ರಲ್ಲೇ ಹ್ಯಾರಿಯೆಟ್ ಜಾನ್ಸನ್ ಎಂಬ ಶಿಕ್ಷಕಿ ಮಕ್ಕಳು ಬ್ಲಾಕ್ ಕಟ್ಟುವ ಹಂತಗಳನ್ನು ಬರೆದಿಟ್ಟಿದ್ದಾರೆ. ಮೊದಲು ಬರೀ ಹೊತ್ತು ತಿರುಗುತ್ತವೆ. ಆಮೇಲೆ ಸಾಲು, ಗೋಪುರ. ಆಮೇಲೆ ಎರಡರ ಮೇಲೆ ಒಂದಿಟ್ಟು ಸೇತುವೆ. ಆಮೇಲೆ ಸುತ್ತ ಆವರಿಸಿ ಮನೆ. ನಿಮ್ಮವಳು ಎಲ್ಲಿದ್ದಾಳೆ ನೋಡಿಕೊಳ್ಳಿ, ಮುಂದಿನದನ್ನು ಕಲಿಸಲು ಹೋಗಬೇಡಿ. ನೆಲದ ಮೇಲೆ ಕೂತು ನಿಮ್ಮದೇ ಒಂದು ಗೋಪುರ ಕಟ್ಟಿ, ಅದೂ ಬೀಳಲಿ.

ಈಗ ಪುಟ್ಟಿಗೆ: ಕಂದಾ, ನಿನ್ನ ಗೋಪುರ ಯಾವ ಕಡೆಗೆ ಬಿತ್ತು? ಎಲ್ಲಕ್ಕಿಂತ ಕೆಳಗೆ ಇಟ್ಟಿದ್ದು ದೊಡ್ಡ ಬ್ಲಾಕಾ, ಚಿಕ್ಕದಾ? ಇನ್ನೊಂದು ಸಲ ಕಟ್ಟಿ ಬೀಳಿಸು. ಬೀಳುವಾಗ ಕಣ್ಣು ಮುಚ್ಚಬೇಡ. ಏನು ಕಂಡಿತು ಅಂತ ಅಪ್ಪನ ಕೈಲಿ ನನಗೆ ಬರೆಸು.